ಗೋಡೆಯಾಚೆಯ ಹೂಂ

ಗೋಡೆಯ ಆಚೆಯಿಂದ ಅರುಂಧತಿ ಆಂಟಿಯ ಹೂಂ ಕೇಳುತ್ತಿತ್ತು. ಬರೀ ಹೂಂ. ಫೋನಿನ ಆ ತುದಿಯಲ್ಲಿ ಯಾರಿದ್ದಾರೆ, ಏನು ಹೇಳುತ್ತಿದ್ದಾರೆ, ಒಂದೂ ತಿಳಿಯದೆ ಪ್ರಣತಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಆ ಹೂಂಗಳನ್ನು ಒಂದೊಂದಾಗಿ ಹೆಕ್ಕಿ ನೋಡುತ್ತಿದ್ದಳು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ಇದು ಉದ್ದ, ಮೂಗಿನಿಂದ ಬಂದದ್ದು, ಯಾರನ್ನೋ ಸಮಾಧಾನ ಮಾಡುವಂಥದ್ದು. ಇದು ಗಿಡ್ಡ, ಬಾಗಿಲು ಹಾಕಿದಂಥದ್ದು. ಇದು ಕೊನೆಯಲ್ಲಿ ಮೇಲಕ್ಕೆ ಏರಿತು, ಹೌದಾ ಎಂದು ಕೇಳಿದ ಹಾಗೆ. ಅದರ ಬೆನ್ನಿಗೇ ಬಂದ ಇನ್ನೊಂದು ತಗ್ಗಿ, ಇಳಿದು, ತಳದಲ್ಲಿ ಕೂತುಬಿಟ್ಟಿತು. ಆ ತಳದಲ್ಲಿ ಕೂತ ಹೂಂ ತನ್ನ ಬಗ್ಗೆಯೇ ಎಂದು ಅವಳಿಗೆ ಖಚಿತವಾಯಿತು.

ನಿನ್ನೆ ಸಂಜೆ ನಾರ್ತ್‌ರಿಜ್‌ನಿಂದ ಹೊರಟು, ಲಾಸ್ ಏಂಜಲೀಸಿನಲ್ಲಿ ರೈಲು ಬದಲಾಯಿಸಿ, ಸೊಲಾನಾ ಬೀಚ್ ಸ್ಟೇಷನ್ನಿನಲ್ಲಿ ಇಳಿದಾಗಿನಿಂದಲೂ ಅವಳಿಗೆ ಒಳಗೊಳಗೇ ಏನೋ ಕೊರೆಯುತ್ತಿತ್ತು. "ಶುಕ್ರವಾರವೇ ಬಂದುಬಿಡು, ಕ್ಲಾಸಿಗೆ ಮುಂಚೆ ನಿನ್ನ ಹತ್ತಿರ ಮಾತಾಡೋದಿದೆ" ಎಂದು ಆಂಟಿ ಮೆಸೇಜ್ ಹಾಕಿದ್ದರು. ಮಾತಾಡೋದಿದೆ. ಏನು ಅಂತ ಇಲ್ಲ. ಕ್ಲಾಸು ನಡೆಯುವುದು ಲ್ಯಾಪ್‌ಟಾಪಿನಲ್ಲಿ. ಇಷ್ಟು ದಿನ ಅವಳು ತನ್ನ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಕೂತೇ ಅದನ್ನು ನಡೆಸಿದ್ದಾಳೆ. ಹಾಗಿದ್ದಮೇಲೆ ಸ್ಕ್ರಿಪ್ಸ್ ರ್ಯಾಂಚಿನವರೆಗೆ ತಮ್ಮ ಮನೆಗೇ ಕರೆಸಿಕೊಳ್ಳುವುದು ಯಾಕೆ? ಸ್ಟೇಷನ್ನಿಗೆ ಕಾರು ತಂದ ಆಂಟಿಯ ಗಂಡ ಉದಯಶಂಕರ ಅಂಕಲ್ ದಾರಿಯುದ್ದಕ್ಕೂ ನೀಲಗಿರಿ ಮರಗಳ ಬಗ್ಗೆ, ಅವಕ್ಕೆ ಬೆಂಕಿ ಹತ್ತುವುದರ ಬಗ್ಗೆ, ಮನೆಯ ಇನ್ಶೂರೆನ್ಸ್ ಬಗ್ಗೆ ಮಾತಾಡಿದರು. ಕ್ಲಾಸಿನ ಸುದ್ದಿಯನ್ನೇ ಎತ್ತಲಿಲ್ಲ. ಎತ್ತಬೇಡಿ ಎಂದು ಹೇಳಿಸಿಕೊಂಡವರ ಹಾಗೆ. ರಾತ್ರಿ ಮಲಗಲು, ಕಾಲೇಜಿಗೆಂದು ಬೇರೆ ಊರಿಗೆ ಹೋದ ಮಗಳ ಕೋಣೆಯನ್ನು ಕೊಟ್ಟರು. ಮಡಿಸಿಟ್ಟ ಟವೆಲ್, ಕಾಗದ ಬಿಚ್ಚದ ಹೊಸ ಸೋಪು. ಬಲಿ ಕೊಡುವ ಕುರಿಗೂ ಮೊದಲು ಸ್ನಾನ ಮಾಡಿಸುತ್ತಾರೆ ಅನ್ನುತ್ತಿದ್ದಳು ಅಜ್ಜಿ.

ಮುಖ ತೊಳೆದು ಹೊರಗೆ ಬಂದರೆ ಅಂಕಲ್ ಫಿಲ್ಟರಿನಿಂದ ಡಿಕಾಕ್ಷನ್ ಬಗ್ಗಿಸುತ್ತಿದ್ದರು. ಹೊರಗೆ ಸಮುದ್ರದ ಕಡೆಯ ಮಂಜು ಇನ್ನೂ ಸರಿದಿರಲಿಲ್ಲ.

"ನಿದ್ದೆ ಬಂತೇನಮ್ಮ?"

"ಬಂತು ಅಂಕಲ್."

"ಪುಣ್ಯವಂತೆ. ನಿಮ್ಮ ಆಂಟಿ ಐದಕ್ಕೇ ಎದ್ದು ಫೋನ್ ಹಿಡಿದಿದ್ದಾಳೆ. ಇಲ್ಲಿ ಅಕ್ಕಪಕ್ಕದವರ ನಾಯಿ ಜಗಳ, ಪಾರ್ಕಿಂಗ್ ಜಗಳ ಬಿಡಿಸಿ ಸಾಕಾಗಿಲ್ಲ ಅಂತ ಈಗ ಹಾವೇರಿ ಕಡೆಯದು. ಈ ಮನೇಲಿ ನಾನು ಜಗಳ ಆಡಬೇಕು ಅಂದ್ರೆ ಅಪಾಯಿಂಟ್‌ಮೆಂಟ್ ತಗೋಬೇಕು. ಅದೂ ಆಡಿದಮೇಲೆ ನಾನೇನು ಹೇಳಿದೆ ಅಂತ ನನಗೇ ವಾಪಸ್ ಒಪ್ಪಿಸ್ತಾಳೆ. 'ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಂತ ನಿಮಗೆ ಅನ್ನಿಸ್ತಿದೆ.' ಅನ್ನಿಸ್ತಿರೋದಲ್ಲ ಮಾರಾಯ್ತಿ, ಆಗಿದೆ!"

ಪ್ರಣತಿ ನಕ್ಕಳು. ನಕ್ಕದ್ದು ಜೋರಾಯಿತೇನೋ ಎಂದು ಗೋಡೆಯ ಕಡೆ ನೋಡಿದಳು. ಆಂಟಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಈ ಮಧ್ಯಸ್ಥಿಕೆಯ ಕೆಲಸ ಕಲಿತವರು. ಲಾಕ್‌ಡೌನ್ ಕಾಲದಲ್ಲಿ ಎಲ್ಲರೂ ವಿಡಿಯೋದಲ್ಲಿ ಹಪ್ಪಳ ಮಾಡುವುದನ್ನು ಹೇಳಿಕೊಡುತ್ತಿದ್ದಾಗ ಆಂಟಿ ಹಳ್ಳಿಯ ಹೆಂಗಸರಿಗೆ, ಜಗಳವಾಡಿದ ಇಬ್ಬರನ್ನು ಒಂದು ಕಡೆ ಕೂರಿಸುವುದು ಹೇಗೆ, ಪೊಲೀಸು ಕೋರ್ಟು ಹತ್ತದೆ ರಾಜಿ ಮಾಡಿಸುವುದು ಹೇಗೆ ಎಂದು ಹೇಳಿಕೊಡಲು ಶುರುಮಾಡಿದರು. ಈ ವರ್ಷ ಹಾವೇರಿ ಕಡೆಯ ಒಂದು ಊರಿನ ಗುಂಪನ್ನು ಪ್ರಣತಿಗೆ ಒಪ್ಪಿಸಿದ್ದರು. ಆ ಗುಂಪಿನಲ್ಲಿದ್ದವಳು ಪ್ರೇಮವ್ವ. ಅಗಲ ಹಣೆ, ಕಲ್ಲಿನಲ್ಲಿ ಕೆತ್ತಿದಂಥ ಮುಖ. ವಯಸ್ಸಿನಲ್ಲಿ ಪ್ರಣತಿಯ ಅಮ್ಮನಿಗಿಂತ ದೊಡ್ಡವಳು, ಆದರೂ ಬಾಯಿ ತುಂಬ "ಅಕ್ಕಾರ" ಅನ್ನುವಳು. ಆ ಕಡೆ ಹೆಣ್ಣು ಮೇಷ್ಟರನ್ನು ಹಾಗೇ ಕರೆಯುವುದಂತೆ.

ಎಲ್ಲ ಕೆಟ್ಟುಹೋದದ್ದು ಆ ಕಲ್ಲು ಮುಖದಿಂದ. ಅಥವಾ ಅಜ್ಜಿಯಿಂದ. ಬೇರೆಯವರ ಜಗಳ ಕೇಳುವುದು ಹೇಗೆ ಎಂಬ ಪಾಠದ ದಿನ ಪ್ರೇಮವ್ವ ಕೈಕಟ್ಟಿ, ತುಟಿ ಬಿಗಿದು ಕೂತಿದ್ದಳು. ಹೀಗೆ ಕೂತರೆ ಎದುರಿಗಿನವರು ಮಾತು ಬಿಚ್ಚುತ್ತಾರಾ ಪ್ರೇಮವ್ವ, ಒಂದು ಹೂಂ ಆದರೂ ಅನ್ನಬೇಡವಾ ಎಂದಳು ಪ್ರಣತಿ. "ಹೂಂ ಅಂದ್ರ ಒಪ್ಪಿದಂಗ ಆಕ್ಕೈತ್ರಿ ಅಕ್ಕಾರ. ನಮ್ಮೂರಾಗ ಹೂಂ ಅಂದು ಹೊಲಾ ಕೊಟ್ಟಾರು, ಹೂಂ ಅಂದು ಹುಡುಗೀನ ಕೊಟ್ಟಾರು." ಆಗ ಪ್ರಣತಿ ನಕ್ಕು, ಅಜ್ಜಿಯ ವಿಷಯ ತೆಗೆದಳು. ಶ್ರೀರಾಮಪುರದ ಒಂದೇ ಕೋಣೆಯ ಮನೆಯಲ್ಲಿ, ದೀಪ ಆರಿಸಿದ ಮೇಲೆ, ಅಜ್ಜಿ ಕಥೆ ಹೇಳುವಾಗ ಮೊಮ್ಮಗಳು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕಥೆ ನಿಂತಿತು. ರಾಜ ಸತ್ತ, ಹೂಂ. ರಾಣಿ ಅತ್ತಳು, ಹೂಂ. ಅದು ಒಪ್ಪಿಗೆಯಲ್ಲ, ಇದ್ದೇನೆ, ಕೇಳ್ತಿದ್ದೇನೆ, ಮುಂದೆ ಹೇಳು ಎಂದಷ್ಟೇ ಅರ್ಥ. ಹಾಗೆ ಕೇಳಿ ಪ್ರೇಮವ್ವ, ಕಥೆ ಕೇಳಿದ ಹಾಗೆ. ಪರದೆಯ ತುಂಬ ಹೆಂಗಸರು ತಲೆಯಾಡಿಸಿದ್ದರು. ಆಂಟಿಗಂತೂ ಇದು ಎಷ್ಟು ಹಿಡಿಸಿತೆಂದರೆ ಅರ್ವೈನಿನಲ್ಲಿ ಕನ್ನಡದವರ ಸಭೆಯಲ್ಲಿ ಭಾಷಣ ಮಾಡಿ, ಕೇಳುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ, ನಮ್ಮ ಅಜ್ಜಿಯರ ಹೂಂ ಇದೆ ಎಂದು ಚಪ್ಪಾಳೆ ಗಿಟ್ಟಿಸಿದ್ದರು. ಪ್ರಣತಿ ಕಡೆಯ ಸಾಲಿನಲ್ಲಿ ಕೂತು ತನ್ನ ಅಜ್ಜಿ ಮೈಕಿನಲ್ಲಿ ಹೋಗುವುದನ್ನು ನೋಡಿದ್ದಳು. ಆಗಲೂ ಸಣ್ಣಗೆ ಅನುಮಾನ ಬಂದಿತ್ತು. ಅಜ್ಜಿಯ ಹೂಂನಲ್ಲಿ ಇನ್ನೊಂದು ಕಥೆಯಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹೋದ ಭಾನುವಾರ ಪ್ರೇಮವ್ವನ ವಾಯ್ಸ್ ಮೆಸೇಜ್ ಬಂತು. ಹಿನ್ನೆಲೆಯಲ್ಲಿ ಯಾವುದೋ ಆಡು ಕೂಗುತ್ತಿತ್ತು. ರುದ್ರಪ್ಪನ ಅಂಗಳದಲ್ಲಿ ಹಾದು ಹಿಂದಿನ ಮನೆಯವರು ನಲ್ಲಿಗೆ ಹೋಗುವ ಹಾದಿಯ ಜಗಳ. ರುದ್ರಪ್ಪನ ಮಾತು ಕೇಳಲು ಪ್ರೇಮವ್ವ ಅವನ ಕಟ್ಟೆಯ ಮೇಲೆ ಕೂತಳು. "ನೀವು ಹೇಳಿದಂಗ ಹೂಂ ಅನಕೋತ ಕುಂತೆ ಅಕ್ಕಾರ. ಅಂವಾ ಹೇಳಿದ, ನಾ ಹೂಂ ಅಂದೆ. 'ಹಂಗಾರ ಗೋಡಿ ಹಾಕ್ತೀನಿ ನಾ' ಅಂದ, ಅದಕ್ಕೂ ಹೂಂ ಅಂದೆ, ಕೇಳಾಕತ್ತೀನಿ ಅಂತ. ಮರುದಿನಾನ ಕಲ್ಲ ಇಳಿಸಿದ. ಪ್ರೇಮವ್ವ ಹೂಂ ಅಂದಾಳ ಅಂತ ಊರತುಂಬ ಹೇಳಿದ. ಈಗ ಹಿಂದಿನ ಮನಿ ಹೆಣ್ಮಕ್ಕಳು ಕೊಡಾ ಹೊತ್ತು ರಸ್ತೆ ಸುತ್ತಿ ಹೊಕ್ಕಾರ. ನಾ ಮೊಸರಿಗೆ ಹೆಪ್ಪು ಕೇಳಾಕ ಹೋದ್ರ ಮನ್ಯಾಗ ಇಲ್ಲ ಅಂದ್ರು. ಗಡಿಗಿ ಅಲ್ಲೇ ಕಾಣಾಕತ್ತಿತ್ರಿ." ಪ್ರಣತಿ ಅದನ್ನು ಬಸ್ಸಿನಲ್ಲಿ ಕೇಳಿದಳು, ಇಳಿದು ಮತ್ತೊಮ್ಮೆ ಕೇಳಿದಳು. ಉತ್ತರ ಹೇಳಲು ಫೋನ್ ಬಾಯಿಯ ಹತ್ತಿರ ಹಿಡಿದು, ಇಳಿಸಿದಳು. ಕೇಳಿಸಿಕೊಂಡಿದ್ದಾಳೆ ಎಂದು ಆ ಕಡೆಯವರಿಗೆ ತೋರಿಸುವ ನೀಲಿ ಗುರುತು ಮಾತ್ರ ಅಲ್ಲೇ ಉಳಿಯಿತು. ಅದೂ ಒಂದು ಹೂಂ.

ಬಾಗಿಲು ತೆರೆಯಿತು. ಆಂಟಿ ಬಂದು ಎದುರು ಕೂತರು. ಬೆಳ್ಳಿಯ ಬಣ್ಣಕ್ಕೆ ತಿರುಗಿದ ಕೂದಲು, ಏನನ್ನೂ ಹೇಳದ ಪ್ರಸನ್ನ ಮುಖ. ವರ್ಷಗಟ್ಟಲೆ ಇಬ್ಬರ ನಡುವೆ ಕೂತು ಕೂತು, ಯಾರ ಕಡೆಗೂ ವಾಲದ ಹಾಗೆ ತಿದ್ದಿಕೊಂಡ ಮುಖ. ಅದರ ಹಿಂದೆ ಏನಿದೆ ಎಂದು ಅಂಕಲ್‌ಗಾದರೂ ಗೊತ್ತಿದೆಯೋ ಇಲ್ಲವೋ.

"ಇಂದುಧರ ಫೋನ್ ಮಾಡಿದ್ರು." ಇಂದುಧರ ಆ ಊರಿನ ಶಾಲೆಯ ಮೇಷ್ಟರು, ಅಲ್ಲಿ ಹೆಂಗಸರನ್ನು ಸೇರಿಸಿ ಕ್ಲಾಸು ನಡೆಯುವ ಹಾಗೆ ನೋಡಿಕೊಳ್ಳುವವರು. "ಪ್ರೇಮವ್ವನ ವಿಷಯ ನಿನಗೆ ಗೊತ್ತಿರಬೇಕಲ್ಲ?"

ಗೊತ್ತಿರಬೇಕಲ್ಲ. ಇದು ಪ್ರಶ್ನೆಯೋ, ಬಲೆಯೋ? ಪ್ರೇಮವ್ವ ಮೆಸೇಜ್ ಕಳಿಸಿದ್ದನ್ನು ಇಂದುಧರರಿಗೆ ಹೇಳಿರಬಹುದು, ಇಂದುಧರ ಆಂಟಿಗೆ. ಇಲ್ಲವೆಂದರೆ ಸಿಕ್ಕಿಬೀಳುತ್ತೇನೆ, ಹೌದೆಂದರೆ ಆರು ದಿನ ಸುಮ್ಮನಿದ್ದದ್ದು ಯಾಕೆ ಎನ್ನುತ್ತಾರೆ. "ಸ್ವಲ್ಪ" ಎಂದಳು.

"ಅವಳು ಒಬ್ಬರ ಪಕ್ಷ ವಹಿಸಿಬಿಟ್ಟಳಂತೆ. ಪಾಪ, ಬೇಕು ಅಂತ ಮಾಡಿರಲಾರಳು. ಆದರೆ ಊರಲ್ಲಿ ಅವಳ ಮೇಲಿನ ನಂಬಿಕೆ ಹೋಗಿದೆ. ನಂಬಿಕೆ ಹೋದಮೇಲೆ ಮಧ್ಯಸ್ಥರ ಕೆಲಸ ಇಲ್ಲ. ಅವಳ ಜಾಗಕ್ಕೆ ಬೇರೆಯವರನ್ನ ತಗೊಳ್ಳೋಣ ಅಂತಾರೆ ಇಂದುಧರ. ಇವತ್ತೇ ಎಲ್ಲರೂ ಒಟ್ಟಿಗೆ ಕೂತು ತೀರ್ಮಾನ ಮಾಡೋಣ, ಅವಳೂ ಬರ್ತಾಳೆ." ಆಂಟಿ ಕಾಫಿ ಲೋಟವನ್ನು ಅವಳ ಕಡೆ ಸರಿಸಿದರು. "ನಿನ್ನ ಕರೆಸಿದ್ದು ಅದಕ್ಕಲ್ಲ. ಜೂನ್‌ನಲ್ಲಿ ಆ ಊರಿಗೆ ನೀನೇ ಹೋಗಬೇಕು ಅಂತ ನನ್ನಾಸೆ. ಟಿಕೆಟ್ ನಮ್ಮದು. ಆ ಹೂಂ ಪಾಠ ಎಲ್ಲ ಊರಲ್ಲೂ ಹೇಳಿಕೊಡೋಣ. ಇದನ್ನ ಎದುರಿಗೇ ಹೇಳಬೇಕು ಅನ್ನಿಸ್ತು."

ಸಿಕ್ಕಿಬಿದ್ದಿಲ್ಲ ಎಂದು ಸಮಾಧಾನವಾದದ್ದು ಒಂದೇ ಕ್ಷಣ. ಮರುಕ್ಷಣವೇ ಮತ್ತೆ ಅನುಮಾನ. ಇವರಿಗೆ ನಿಜವಾಗಿಯೂ ಗೊತ್ತಿಲ್ಲವೇ? ಗೋಡೆ ಎದ್ದದ್ದು ಅದೇ ಹೂಂನಿಂದ ಎಂದು? ಗೊತ್ತಿದ್ದೂ, ಅರ್ವೈನಿನ ಚಪ್ಪಾಳೆ ಹಾಳಾಗದಿರಲಿ ಎಂದು, ಪ್ರೇಮವ್ವನನ್ನು ಕೆಲಸದಿಂದ ಬಿಡಿಸಿ ನನ್ನ ಬಾಯಿಗೆ ಸಿಹಿ ಇಡುತ್ತಿದ್ದಾರೆಯೇ? ಆಂಟಿ ಅವಳನ್ನೇ ನೋಡುತ್ತಿದ್ದರು.

"ನಿನಗೇನೋ ಹೇಳೋದಿದೆ ಅನ್ನಿಸುತ್ತೆ."

"ಇಲ್ಲ ಆಂಟಿ."

"ಹೂಂ" ಎಂದರು ಆಂಟಿ. ಯಾವ ಕಡೆಗೂ ವಾಲದ ಹೂಂ.

ಅಪೇಕ್ಷಾಳ ನೆನಪಾಯಿತು. ನಾರ್ತ್‌ರಿಜ್‌ನ ಮನೆಯ ಜೊತೆಗಾತಿ. ಹೋದ ತಿಂಗಳು ಅಪೇಕ್ಷಾ ಪಾತ್ರೆ ತೊಳೆಯುತ್ತ ಏನೋ ಹೇಳುತ್ತಲೇ ಇದ್ದಳು, ಪ್ರಣತಿ ಕಿಟಕಿಯ ಆಚೆ ನೋಡುತ್ತ ಹೂಂ ಹೂಂ ಅನ್ನುತ್ತಲೇ ಇದ್ದಳು. ಎರಡು ದಿನ ಬಿಟ್ಟು ಸುಮಂತ್ ಎಂಬ ಹುಡುಗ ತನ್ನ ಹಾಸಿಗೆಯನ್ನು ಕಾರಿನ ಮೇಲೆ ಕಟ್ಟಿಕೊಂಡು ಬಂದು ಹಾಲ್‌ನಲ್ಲಿ ಹಾಸಿದ. ಯಾರನ್ನ ಕೇಳಿ ಕರ್ಕೊಂಡು ಬಂದೆ ಎಂದರೆ, "ನಿನ್ನನ್ನೇ ಕಣೇ! ಒಂದ್ಸಲ ಅಲ್ಲ, ಮೂರು ಸಲ ಹೂಂ ಅಂದೆ. ನಿನ್ನ ಹೂಂ ಒಂಥರಾ ಲಿಫ್ಟಿನೊಳಗೆ ಹಾಕಿರೋ ಮ್ಯೂಸಿಕ್, ಬರ್ತಾನೇ ಇರುತ್ತೆ, ಒಳಗೆ ಯಾರೂ ಇರಲ್ಲ." ಅಪೇಕ್ಷಾ ನಗುತ್ತಲೇ ಹೇಳಿದ್ದು. ಸುಮಂತ್ ಕೂಡ ಹಾಸಿಗೆಯ ಮೇಲಿನಿಂದಲೇ ನಕ್ಕಿದ್ದ. ಆ ನಗು ಇವತ್ತಿಗೂ ಕಿವಿಯಲ್ಲಿ ಕಡಿಯುತ್ತದೆ.

ಏಳು ಗಂಟೆಗೆ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಆಂಟಿ, ಪ್ರಣತಿ ಅಕ್ಕಪಕ್ಕ ಕೂತರು. ಆ ಕಡೆ ಸಂಜೆ ಕಳೆದಿತ್ತು. ಶಾಲೆಯ ಕೋಣೆ, ಟ್ಯೂಬ್‌ಲೈಟು, ಹಿಂದೆ ತೆರೆದ ಬಾಗಿಲು. ಬೆಂಚುಗಳ ಮೇಲೆ ಹೆಂಗಸರು ಒತ್ತೊತ್ತಾಗಿ ಕೂತಿದ್ದಾರೆ. ಒಂದು ಬೆಂಚಿನಲ್ಲಿ ಮಾತ್ರ ಪ್ರೇಮವ್ವ ಒಬ್ಬಳೇ, ಪಕ್ಕದಲ್ಲಿ ಇಬ್ಬರಿಗೆ ಆಗುವಷ್ಟು ಜಾಗ. ಮೈಕ್ ಹತ್ತಿರದ ಕುರ್ಚಿಯಲ್ಲಿ ಇಂದುಧರ. ಪ್ರೇಮವ್ವ ಪರದೆಯ ಕಡೆ ನೋಡಿದಳು. ತನ್ನನ್ನು ನೋಡಿದಳೋ, ಆಂಟಿಯನ್ನೋ, ತನ್ನದೇ ಮುಖವನ್ನೋ, ಕ್ಯಾಮೆರಾದಲ್ಲಿ ಯಾರಿಗೆ ತಿಳಿಯುತ್ತದೆ.

"ನೋಡ್ರಿ ಮೇಡಂ, ಯಾರ ಮ್ಯಾಲೂ ಸಿಟ್ಟಿಲ್ಲ" ಎಂದು ಇಂದುಧರ ಶುರುಮಾಡಿದರು. "ಆದ್ರ ಮಂದಿ ಬಾಯಿ ಮುಚ್ಚಾಕ ಆಗೂದಿಲ್ಲ. ಪ್ರೇಮವ್ವ ರುದ್ರಪ್ಪನ ಕಡಿ ಅಂತ ಆಗೈತಿ."

"ಪ್ರೇಮವ್ವ, ನೀವು ಹೇಳಿ" ಎಂದರು ಆಂಟಿ.

"ನಂದೇನೈತ್ರಿ. ಅಂವಾ ಹೇಳಿದ. ನಾ ಕೇಳಿಸ್ಕೊಂಡೆ."

"ಕೇಳಿಸ್ಕೊಂಡೆ ಅಂದ್ರ ಹೂಂ ಅಂದಿಲ್ಲೇನು?" ಹಿಂದಿನ ಬೆಂಚಿನಿಂದ ಯಾರದೋ ದನಿ. ಒಂದು ಕಿಸಕ್ ನಗು. "ಹೂಂ ಅನ್ನಾಕ ನಿನಗ್ಯಾರು ಕಲಿಸಿದ್ರವ್ವ?"

ಈಗ ಹೇಳುತ್ತಾಳೆ. ಪ್ರಣತಿ ಮೇಜಿನ ಅಂಚನ್ನು ಹಿಡಿದುಕೊಂಡಳು. ಪ್ರೇಮವ್ವ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು, ಅಷ್ಟೇ. ಯಾಕೆ ಹೇಳುತ್ತಿಲ್ಲ? ನನ್ನನ್ನು ಕಾಪಾಡುತ್ತಿದ್ದಾಳೆಯೇ, ಇಲ್ಲಾ ನಾನಾಗಿ ಹೇಳುತ್ತೇನೋ ಎಂದು ಕಾಯುತ್ತಿದ್ದಾಳೆಯೇ? ಆ ಕಲ್ಲು ಮುಖದಲ್ಲಿ ಕರುಣೆ ಯಾವುದು, ತಿರಸ್ಕಾರ ಯಾವುದು? ಆಂಟಿ ಪ್ರೇಮವ್ವನ ಮಾತನ್ನು ಮೆಲ್ಲಗೆ ಅವಳಿಗೇ ವಾಪಸ್ಸು ಹೇಳತೊಡಗಿದರು. ನಿಮಗೆ ನೋವಾಗಿದೆ, ಊರಿಗೂ ನೋವಾಗಿದೆ. ಆ ದನಿ ಇಳಿಜಾರಿನಲ್ಲಿ ನೀರು ಹರಿದ ಹಾಗೆ. ಪ್ರಣತಿಗೆ ದೀಪ ಆರಿಸಿದ ಕೋಣೆ, ಅಜ್ಜಿಯ ಸೀರೆಯ ಸೀಗೆಪುಡಿ ವಾಸನೆ ನೆನಪಾದವು. ಏಳು ಜನ ಅಣ್ಣಂದಿರಿಗೆ ಒಬ್ಬಳೇ ತಂಗಿ. ಹೂಂ. ಒಂದು ದಿನ ಒಲೆಯ ಬೆಂಕಿ ಆರಿಹೋಯಿತು. ಹೂಂ. ಹೋಗಿ ರಕ್ಕಸಿ ಮನೆಯಿಂದ ಕೆಂಡ ತಗೊಂಡು ಬಾ ಅಂದರು ಅಣ್ಣಂದಿರು. ಇಲ್ಲಿ ಪ್ರತಿಸಲವೂ ಪ್ರಣತಿ ಅಜ್ಜಿಯ ಸೆರಗು ಹಿಡಿದುಕೊಳ್ಳುತ್ತಿದ್ದಳು. ಒಂದು ರಾತ್ರಿ "ಊಂಹೂಂ, ಕಳಿಸಬೇಡ ಅಜ್ಜಿ" ಅಂದೇಬಿಟ್ಟಿದ್ದಳು. ಅಜ್ಜಿ ಅವಳ ಕಡೆ ಮಗ್ಗುಲಾದಳು. "ಊಂಹೂಂ ಅಂದ್ರೆ ಕಥೆ ಅಲ್ಲೇ ನಿಂತೋಗುತ್ತೆ ಕಣೇ. ತಂಗಿ ಬಾಗಿಲಲ್ಲೇ ನಿಂತಿರ್ತಾಳೆ, ಒಳಗೂ ಇಲ್ಲ, ಹೊರಗೂ ಇಲ್ಲ. ಹಂಗೇ ಬಿಟ್ಟು ಮಲಕ್ಕಂತೀಯಾ?" ಮಗು ಕತ್ತಲಲ್ಲಿ ಕಣ್ಣು ಬಿಟ್ಟು ಯೋಚಿಸಿತು. ಮುಂದೆ ಏನಾಯಿತು ಎಂದು ತಿಳಿಯದೆ ನಿದ್ದೆ ಬರಲಾರದು. ಹೂಂ ಅಂದಿತು. ತಂಗಿ ಹೊರಟಳು. ಇದೇ ಅವಳು ಯಾರಿಗೂ ಹೇಳದ ಕಥೆ. ಕೇಳುವ ಆಸೆಗೆ ಆ ಹುಡುಗಿಯನ್ನು ರಕ್ಕಸಿಯ ಮನೆಗೆ ಕಳಿಸಿದವಳು ತಾನು, ಅದೂ ಒಂದು ಸಲವಲ್ಲ, ಎಷ್ಟೋ ರಾತ್ರಿ. ಆಮೇಲಾಮೇಲೆ ನಿದ್ದೆಯಲ್ಲೂ ಬಾಯಿ ತಾನಾಗಿ ಹೂಂ ಅನ್ನುತ್ತಿತ್ತು. ಅಜ್ಜಿ ಕೆನ್ನೆ ತಟ್ಟುವಳು. "ಏಯ್, ಈ ಹೂಂ ನಿಂದಲ್ಲ, ನಿದ್ದೇದು."

"...ಹಾಗಾಗಿ ಪ್ರೇಮವ್ವನವರು ಈ ಕೆಲಸದಿಂದ ಬಿಡುವು ತಗೊಳ್ಳೋದು, ಅವರ ಜಾಗಕ್ಕೆ ಇನ್ನೊಬ್ಬರು. ಎಲ್ಲರಿಗೂ ಒಪ್ಪಿಗೆನಾ?" ಎಂದು ಆಂಟಿ ಕೇಳುತ್ತಿದ್ದರು.

"ಹೂಂ."

ದನಿ ತನ್ನದೇ ಎಂದು ಪ್ರಣತಿಗೆ ತಿಳಿದದ್ದು, ಆ ಕಡೆಯ ಹೆಂಗಸರೆಲ್ಲ ಒಮ್ಮೆಗೇ ಪರದೆಯ ಕಡೆ ತಿರುಗಿದ ಮೇಲೆ. ಉಳಿದವರು ಯಾರೂ ಇನ್ನೂ ಬಾಯಿ ತೆರೆದಿರಲಿಲ್ಲ. ಎಲ್ಲರಿಗಿಂತ ಮೊದಲು ಅವಳೇ. ಆಂಟಿ ತಿರುಗಿ ನೋಡಿದರು. ಮೊದಲ ಸಲ ಆ ಮುಖ ಒಂದು ಕಡೆಗೆ ವಾಲಿದ ಹಾಗಿತ್ತು, ಆದರೆ ಯಾವ ಕಡೆಗೆ ಎಂದು ಹೇಳುವಂತಿರಲಿಲ್ಲ.

ಪ್ರೇಮವ್ವ ಎದ್ದಳು. "ಆತು ಬಿಡ್ರಿ. ಅಕ್ಕಾರ ಹೂಂ ಅಂದ್ರು. ಇನ್ನೇನೈತಿ." ಬೆಂಚಿನ ಕೆಳಗಿನ ಚಪ್ಪಲಿಯನ್ನು ಕಾಲಿನಿಂದಲೇ ಹುಡುಕಿ ಮೆಟ್ಟಿಕೊಂಡಳು. ದನಿಯಲ್ಲಿ ಸಿಟ್ಟಿಲ್ಲ. ಹೆಪ್ಪು ಸಿಗದೆ ವಾಪಸ್ಸು ಬಂದವಳ ದನಿ.

"ಪ್ರೇಮವ್ವ, ಅದು... ನಾನು ಬರೀ ಕೇಳಿಸ್ಕೊಳ್ತಿದ್ದೆ" ಎಂದಳು ಪ್ರಣತಿ. ಅಂದ ಕೂಡಲೇ ಅದು ಪ್ರೇಮವ್ವ ಆಡಿದ್ದ ಮಾತೇ ಎಂದು ಹೊಳೆಯಿತು. ಹಿಂದಿನ ಬೆಂಚಿನಲ್ಲಿ ಮತ್ತೆ ಕಿಸಕ್ ಎಂದು ನಗು. ಜೂನ್, ಟಿಕೆಟ್, ಅರ್ವೈನಿನ ಮೈಕು ಎಲ್ಲವೂ ಈ ಮೇಜಿನ ಮೇಲೇ ಇದ್ದವು, ಕಾಫಿ ಲೋಟದಷ್ಟು ಹತ್ತಿರ. ಸುಮ್ಮನಿದ್ದರೆ ಸಾಕು. ಕಥೆ ತಾನಾಗಿ ಮುಂದೆ ಹೋಗುತ್ತದೆ. ಅವಳು ಹೋಗುತ್ತಾಳೆ, ಇನ್ನೊಬ್ಬಳು ಬಂದು ಕೂರುತ್ತಾಳೆ, ಅವಳಿಗೂ ಹೂಂ ಅನ್ನುವುದನ್ನು ಹೇಳಿಕೊಟ್ಟರಾಯಿತು. ಪ್ರೇಮವ್ವ ಆಗಲೇ ಬಾಗಿಲ ಹತ್ತಿರ ಇದ್ದಳು.

"ಊಂಹೂಂ."

"ಏನು?" ಎಂದರು ಆಂಟಿ.

"ಊಂಹೂಂ ಆಂಟಿ. ನಂಗೆ ಒಪ್ಪಿಗೆ ಇಲ್ಲ. ಹೂಂ ಅನ್ನೋದನ್ನ ಕಲಿಸಿದ್ದು ನಾನು. ಬೇಡ ಅಂತ ಅವರು ಅವತ್ತೇ ಹೇಳಿದ್ರು, ನಾನು ನಕ್ಕುಬಿಟ್ಟೆ."

ಅಂಕಲ್ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದರು. ಅವಳ ಮಾತನ್ನು ಅವಳಿಗೇ ವಾಪಸ್ಸು ಹೇಳುವುದನ್ನು ಆಂಟಿ ಮರೆತದ್ದು ಇದೇ ಮೊದಲು. ಪರದೆಯಲ್ಲಿ ಪ್ರೇಮವ್ವ ತಿರುಗಿದಳು. ಹತ್ತಿರ ಬರಲಿಲ್ಲ. ಹೊಸ್ತಿಲಲ್ಲಿ ನಿಂತು, ಒಂದು ಕೈ ಬಾಗಿಲ ಮೇಲಿಟ್ಟು, ದೂರದ ಆ ಸಣ್ಣ ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿದಳು, ಕೊಟ್ಟ ನೋಟು ನಕಲಿಯೋ ಅಸಲಿಯೋ ಎಂದು ಬೆಳಕಿಗೆ ಹಿಡಿಯುವ ಹಾಗೆ.

"ಈಗ ಊಂಹೂಂ ಅಂತೀರಿ" ಎಂದಳು. "ಇದೂ ಕೇಳಾಕತ್ತೀನಿ ಅನ್ನೂದಕ್ಕೇನ್ರಿ ಅಕ್ಕಾರ?"

ಬೆಂಚಿನ ಹೆಂಗಸರು ನಗಲಿಲ್ಲ. ಅವರೂ ಪರದೆಯನ್ನೇ ನೋಡುತ್ತಿದ್ದರು.

"ಅಲ್ಲ ಪ್ರೇಮವ್ವ" ಎಂದಳು ಪ್ರಣತಿ. "ಇದು ನಂದು."

ಪ್ರೇಮವ್ವ ಚಪ್ಪಲಿ ಬಿಡಲಿಲ್ಲ. ಟ್ಯೂಬ್‌ಲೈಟಿನ ಬೆಳಕು ಅರ್ಧ ಮುಖದ ಮೇಲೆ, ಊರಿನ ಕತ್ತಲು ಇನ್ನರ್ಧದ ಮೇಲೆ. ಬಾಗಿಲಲ್ಲೇ ನಿಂತಿದ್ದಳು, ಒಳಗೂ ಇಲ್ಲ, ಹೊರಗೂ ಇಲ್ಲ. ಪ್ರಣತಿ ಹೂಂ ಅನ್ನದೆ ಕಾದಳು.